ವಾರಾಂತ್ಯಕ್ಕೆ ಊರಿಗೆ: ಹ್ಯಾರೋದಿಂದ ಬೆಂಗಳೂರು ಎಷ್ಟು ದೂರ?

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ಏಳೆಂಟು ವರ್ಷದ ಹುಡುಗನೊಬ್ಬ ತನ್ನ ತಾತನನ್ನು ಕೇಳಿದ: 'ತಾತಾ, ಬೆಂಗಳೂರಿಗೆ ಹೋಗೋಕೆ ಎಷ್ಟು ಹೊತ್ತು?' ತಾತ ತಟ್ಟನೆ 'ಎರಡು ದಿನ' ಎಂದರು. ಹುಡುಗನ ತಾಯಿ ನಕ್ಕು 'ಹತ್ತು ಗಂಟೆ ಕಣೋ' ಎಂದರು. ಅವರ ಹಿಂದೆ ಕುರ್ಚಿಯಲ್ಲಿ ಕೂತಿದ್ದ, ತೊಂಬತ್ತು ದಾಟಿದ ನಮ್ಮ ಹಿರಿಯ ಸದಸ್ಯರೊಬ್ಬರು ಕೈ ಎತ್ತಿ 'ಹದಿನೆಂಟು ದಿನ' ಎಂದುಬಿಟ್ಟರು. ಸುತ್ತಲಿದ್ದವರೆಲ್ಲ ನಕ್ಕರು. ಬಿಸಿಬೇಳೆ ಬಾತ್ ಬಂತು, ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದ ಮೇಲೂ ಆ ಮೂರು ಉತ್ತರಗಳು ನನ್ನ ತಲೆಯಿಂದ ಹೋಗಲಿಲ್ಲ. ಮೂವರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರೂ ತಾವು ಮೊದಲ ಸಲ ಬಂದ ದಾರಿಯ ಲೆಕ್ಕ ಹೇಳಿದ್ದರು. ಮೂವತ್ತೈದು ವರ್ಷ ರೋಗಿಗಳ ಹಿಸ್ಟರಿ ಬರೆದುಕೊಂಡವನು ನಾನು. ನಿವೃತ್ತಿಯ ನಂತರ ಈ ಒಂದು ದಾರಿಯ ಹಿಸ್ಟರಿಯನ್ನೂ ಬರೆದುಬಿಡೋಣ ಎನ್ನಿಸಿತು. ಈ ಲೇಖನ ಅದರ ಫಲ.

ಬೆಟ್ಟದ ಮೇಲಿನ ಹುಡುಗ

ಈ ಕಥೆ ನಾವು ದಿನಾ ನೋಡುವ ಹ್ಯಾರೋ ಬೆಟ್ಟದ ಮೇಲೇ ಶುರುವಾಗುತ್ತದೆ. 1905ರಿಂದ 1907ರವರೆಗೆ ಹ್ಯಾರೋ ಸ್ಕೂಲಿನಲ್ಲಿ ಅಲಹಾಬಾದಿನ ಹುಡುಗನೊಬ್ಬ ಓದುತ್ತಿದ್ದ. ಅವನೇ ಜವಾಹರಲಾಲ್ ನೆಹರು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಅಮೆರಿಕದಲ್ಲಿ ವಿಮಾನ ಹಾರಿಸಿದ್ದರು. 1906ರಲ್ಲಿ ಸಾಂತೋಸ್ ದ್ಯುಮೋಂ ಪ್ಯಾರಿಸ್ಸಿನಲ್ಲಿ ಹಾರಿದ. ಈ ಸುದ್ದಿಗಳನ್ನು ಓದಿ ಉತ್ಸಾಹಗೊಂಡ ಹುಡುಗ ತಂದೆಗೆ ಪತ್ರ ಬರೆದ: ಇನ್ನು ಸ್ವಲ್ಪ ಕಾಲದಲ್ಲೇ ನಾನು ವಾರಾಂತ್ಯಕ್ಕೆ ವಿಮಾನದಲ್ಲಿ ಹಿಂದೂಸ್ಥಾನಕ್ಕೆ ಬಂದು ನಿಮ್ಮನ್ನು ನೋಡಿಕೊಂಡು ಹೋಗಬಹುದು, ಎಂದು. ನೆಹರು ತಮ್ಮ ಆತ್ಮಕಥೆಯಲ್ಲಿ ಈ ಪತ್ರವನ್ನು ನೆನೆದಿದ್ದಾರೆ.

ಆಗಿನ್ನೂ ಯಾವ ವಿಮಾನವೂ ಇಂಗ್ಲಿಷ್ ಕಾಲುವೆಯನ್ನು ದಾಟಿರಲಿಲ್ಲ. ಬ್ಲೇರಿಯೋ ದಾಟಿದ್ದು 1909ರಲ್ಲಿ. ಹೀಗಿರುವಾಗ ಹ್ಯಾರೋದಿಂದ ವಾರಾಂತ್ಯಕ್ಕೆ ಊರಿಗೆ ಹೋಗಿಬರುವ ಆಸೆಯನ್ನು ಒಬ್ಬ ಹುಡುಗ ಬರೆದಿಟ್ಟ. ಅದು ಬರೀ ಆ ಹುಡುಗನ ಆಸೆಯಲ್ಲ, ನಮ್ಮೆಲ್ಲರದೂ ಹೌದು. ಆ ಆಸೆ ಯಾವಾಗ ಕೈಗೂಡಿತು, ಎಷ್ಟರ ಮಟ್ಟಿಗೆ ಕೈಗೂಡಿತು ಎಂಬುದೇ ಮುಂದಿನ ಕಥೆ.

ಗೆರೆ ಎಲ್ಲೆಲ್ಲಿ ಹಾಯುತ್ತದೆ

ಮೊದಲು ದೂರದ ಲೆಕ್ಕ. ಹೀಥ್ರೂ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಭೂಮಿಯ ಮೈಮೇಲೆ ಅತಿ ಹತ್ತಿರದ ದಾರಿ ಸುಮಾರು 8,050 ಕಿ.ಮೀ., ಅಂದರೆ ಹೆಚ್ಚು ಕಡಿಮೆ 5,000 ಮೈಲಿ. ಇಂದಿನ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ. ಭಾಗಿಸಿದರೆ ಒಂಬತ್ತು ಗಂಟೆ. ಏರುವುದು, ಇಳಿಯುವುದು, ಬಳಸಿ ಹೋಗುವುದು ಸೇರಿ ಹೋಗುವಾಗ ಸುಮಾರು ಹತ್ತು ಗಂಟೆ, ಬರುವಾಗ ಹತ್ತೂವರೆಯಿಂದ ಹನ್ನೊಂದು ಗಂಟೆ. ಬರುವಾಗ ಹೆಚ್ಚಾಗಲು ಕಾರಣ, ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿ. ಊರಿಗೆ ಹೋಗುವಾಗ ಅದು ಬೆನ್ನು ತಳ್ಳುತ್ತದೆ, ಹಿಂದಿರುಗುವಾಗ ಎದೆಗೆ ಅಡ್ಡ ಬರುತ್ತದೆ.

ಗೋಡೆಯ ಭೂಪಟದಲ್ಲಿ ಬೆಂಗಳೂರು ಲಂಡನ್ನಿನ ಆಗ್ನೇಯಕ್ಕೆ ಕಾಣುತ್ತದೆ. ಆದರೆ ಉರುಟಾದ ಗೋಳದ ಮೇಲೆ ದಾರ ಎಳೆದು ನೋಡಿ: ಅತಿ ಹತ್ತಿರದ ದಾರಿ ಲಂಡನ್ನಿನಿಂದ ಹೊರಡುವುದು ನೇರ ಪೂರ್ವಕ್ಕೆ. ಹ್ಯಾರೋ ಬೆಟ್ಟದ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಯುಗಾದಿಯ ಆಸುಪಾಸಿನಲ್ಲಿ ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ನಿಂತರೆ ಊರಿನ ದಾರಿಗೆ ಮುಖ ಮಾಡಿದ ಹಾಗೆಯೇ. ಆ ದಾರ ಜರ್ಮನಿ, ಪೋಲೆಂಡ್, ಉಕ್ರೇನ್, ಕಪ್ಪು ಸಮುದ್ರ, ಕ್ಯಾಸ್ಪಿಯನ್, ಇರಾನ್ ದಾಟಿ ಕರಾಚಿಯ ಹತ್ತಿರ ಹಾದು, ಗುಜರಾತಿನ ಮೇಲಿಂದ ಇಳಿದು ನಮ್ಮ ನೆಲ ಸೇರುತ್ತದೆ. ಈ ದೇಶಗಳ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಡಗಿನ ಕಾಲ

1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯುವ ಮೊದಲು ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿಕೊಂಡು ಹೋಗಬೇಕಿತ್ತು. ಮುಂಬಯಿಗೆ ಸುಮಾರು 20,000 ಕಿ.ಮೀ. ದಾರಿ. ಕಾಲುವೆ ತೆರೆದ ಮೇಲೆ ಅದು 11,000 ಕಿ.ಮೀ. ಚಿಲ್ಲರೆಗೆ ಇಳಿಯಿತು. ತಿಂಗಳುಗಳ ಪ್ರಯಾಣ ವಾರಗಳಿಗೆ ಬಂತು. 1931ರಲ್ಲಿ ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಹೊರಟ ಗಾಂಧೀಜಿ ಆಗಸ್ಟ್ 29ರಂದು ಮುಂಬಯಿಯಲ್ಲಿ 'ರಾಜಪುತಾನಾ' ಹಡಗು ಹತ್ತಿದರು. ಮಾರ್ಸೇಲ್ಸಿನಲ್ಲಿ ಇಳಿದು ರೈಲು ಹಿಡಿದು ಸೆಪ್ಟೆಂಬರ್ 12ಕ್ಕೆ ಲಂಡನ್ ಸೇರಿದರು. ಎರಡು ವಾರ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ದುಂಡುಮೇಜಿನ ಪರಿಷತ್ತಿಗೆ ಬಂದವರೇ.

ಸಮುದ್ರಯಾನದಿಂದ ಕನ್ನಡಕ್ಕೆ ಲಾಭವೂ ಆಯಿತು. 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಬಂದ ವಿ.ಕೃ. ಗೋಕಾಕರು 'ಸಮುದ್ರ ಗೀತೆಗಳು' ಎಂಬ ಕವನ ಸಂಕಲನವನ್ನೂ 'ಸಮುದ್ರದಾಚೆಯಿಂದ' ಎಂಬ ಪ್ರವಾಸ ಕಥನವನ್ನೂ ಕೊಟ್ಟರು. ವಾರಗಟ್ಟಲೆ ನೀರು ನೋಡಿದವನಿಗೆ ಒಂದು ಪುಸ್ತಕ ಹುಟ್ಟುತ್ತದೆ. ಹತ್ತು ಗಂಟೆ ಸೀಟಿನ ಹಿಂದಿನ ಪರದೆಯಲ್ಲಿ ಸಿನಿಮಾ ನೋಡಿದ ನಮಗೆ ಕಾಲು ನೋವು ಮಾತ್ರ.

ನಮ್ಮ ತೊಂಬತ್ತರ ಹಿರಿಯರು ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಮೈಸೂರಿನಿಂದ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಮುಂಬಯಿ, ಅಲ್ಲಿಂದ ಏಡನ್, ಸೂಯೆಜ್, ಪೋರ್ಟ್ ಸೈಯದ್ ಹಾದು ಹದಿನೆಂಟು ದಿನ ಹಡಗು. ಸರ್ಕಾರ ಕೊಡುತ್ತಿದ್ದ ವಿದೇಶಿ ಹಣ ಮೂರು ಪೌಂಡು. 'ಹಡಗಿನಲ್ಲಿ ಒಂದು ಉಪಕಾರವಿತ್ತು ಡಾಕ್ಟ್ರೇ' ಎಂದು ಅವರು ನನಗೆ ಹೇಳಿದರು. 'ದಿನಕ್ಕೆ ಇಪ್ಪತ್ತು ನಿಮಿಷ, ಅರ್ಧ ಗಂಟೆಯಂತೆ ಗಡಿಯಾರ ಹಿಂದಕ್ಕೆ ತಿರುಗಿಸ್ತಿದ್ದರು. ಲಂಡನ್ ಮುಟ್ಟೋ ಹೊತ್ತಿಗೆ ಮೈಯೂ ಮನಸ್ಸೂ ಒಗ್ಗಿರ್ತಿತ್ತು.' ವೈದ್ಯನಾಗಿ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

1967ರ ಜೂನ್‌ನಲ್ಲಿ ಯುದ್ಧದಿಂದ ಸೂಯೆಜ್ ಮುಚ್ಚಿತು. ಮತ್ತೆ ತೆರೆದದ್ದು 1975ರ ಜೂನ್‌ನಲ್ಲಿ. ಆ ಎಂಟು ವರ್ಷ ಹಡಗುಗಳು ಮತ್ತೆ ಆಫ್ರಿಕಾ ಸುತ್ತಿದವು. ಅಷ್ಟರಲ್ಲಿ ಜನ ವಿಮಾನಕ್ಕೆ ಹೊರಳಿದ್ದರು.

ಬಳ್ಳಾರಿಯಲ್ಲಿ ಇಳಿದ ಅಂಚೆ

ವಿಮಾನ ಮೊದಲು ಹೊತ್ತದ್ದು ಜನರನ್ನಲ್ಲ, ಕಾಗದಗಳನ್ನು. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ಯುವಕ ಅಲಹಾಬಾದಿನಿಂದ ನದಿಯಾಚೆಯ ನೈನಿಗೆ ಆರು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ವಿಮಾನದಲ್ಲಿ ಒಯ್ದ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು, ನೆಹರು ಅವರ ಊರಿನಲ್ಲೇ. ಅದೇ ವರ್ಷ ಸೆಪ್ಟೆಂಬರ್ 9ರಂದು ಬ್ರಿಟನ್ನಿನ ಮೊದಲ ವಿಮಾನ ಅಂಚೆ ವಿಂಡ್ಸರಿಗೆ ಹಾರಿತು. ಹೊರಟದ್ದು ನಮ್ಮ ಪಕ್ಕದ ಹೆಂಡನ್ನಿನಿಂದ. ಇಂದು ಅಲ್ಲಿ ವಾಯುಪಡೆಯ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಲಂಡನ್ನಿನ ಕ್ರಾಯ್ಡನ್ನಿನಿಂದ ಕರಾಚಿಗೆ ವಾರಕ್ಕೊಂದು ಸೇವೆ ಆರಂಭಿಸಿತು. ಕ್ರಾಯ್ಡನ್ನಿನಿಂದ ಬಾಸೆಲ್ ವಿಮಾನ, ಬಾಸೆಲ್ಲಿನಿಂದ ಜಿನೋವಾ ರೈಲು, ಜಿನೋವಾದಿಂದ ಅಲೆಕ್ಸಾಂಡ್ರಿಯಾ ನೀರಿನ ಮೇಲೆ ಇಳಿಯುವ ವಿಮಾನ, ಅಲ್ಲಿಂದ ಬಾಗ್ದಾದ್, ಬಸ್ರಾ ಹಾದು ಕರಾಚಿ. ಏಳು ದಿನ, 130 ಪೌಂಡು.

ಕರಾಚಿಯಿಂದ ದಕ್ಷಿಣಕ್ಕೆ ದಾರಿ ಮಾಡಿದವರು ಜೆ.ಆರ್.ಡಿ. ಟಾಟಾ. 1932ರ ಅಕ್ಟೋಬರ್ 15ರಂದು ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹುಗೆ ಅಂಚೆ ತಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ. ಜುಹುವಿನಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅಂಚೆಯನ್ನು ಮದರಾಸಿಗೆ ಒಯ್ದರು, ನಡುವೆ ಬಳ್ಳಾರಿಯಲ್ಲಿ ಇಳಿದು. ಹೌದು, ನಮ್ಮ ಬಳ್ಳಾರಿ. ಆಗ ಅದು ಮದರಾಸು ಪ್ರಾಂತ್ಯದಲ್ಲಿತ್ತು. ಲಂಡನ್ನಿನಿಂದ ಚಾಚಿದ ಆ ವಿಮಾನ ದಾರಿ ಮೊದಲು ಮುಟ್ಟಿದ ಕನ್ನಡ ಊರು ಬೆಂಗಳೂರಲ್ಲ, ಬಳ್ಳಾರಿ. ಬಳ್ಳಾರಿ ಕಡೆಯ ನಮ್ಮ ಸದಸ್ಯರು ಇನ್ನು ಮುಂದೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಬೆಂಗಳೂರಿಗೆ ದೊಡ್ಡ ವಿಮಾನದಾಣ ಬಂದದ್ದು ಕಾರ್ಖಾನೆಯ ನೆಪದಲ್ಲಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಯುದ್ಧಕಾಲದಲ್ಲಿ ಅಮೆರಿಕನ್ನರು ಅಲ್ಲಿ ತಮ್ಮ ವಿಮಾನಗಳನ್ನು ರಿಪೇರಿ ಮಾಡಿಸಿದರು. ನಾವೆಲ್ಲ 'ಎಚ್‌ಎಎಲ್ ಏರ್‌ಪೋರ್ಟ್' ಎನ್ನುತ್ತಿದ್ದದ್ದು ಅದನ್ನೇ.

ನಾರ್ಥೋಲ್ಟ್ ಮತ್ತು ಸೌತ್ ಹ್ಯಾರೋದ ಗ್ಯಾಸ್ ಟ್ಯಾಂಕು

1946ರಲ್ಲಿ ಹೀಥ್ರೂ ನಾಗರಿಕ ವಿಮಾನಗಳಿಗೆ ತೆರೆದಾಗ ಪ್ರಯಾಣಿಕರು ಕಾಯುತ್ತಿದ್ದದ್ದು ಡೇರೆಗಳಲ್ಲಿ. ಯೂರೋಪಿನ ಹೆಚ್ಚಿನ ವಿಮಾನಗಳು 1954ರವರೆಗೆ ನಮ್ಮ ಪಕ್ಕದ ನಾರ್ಥೋಲ್ಟಿನಿಂದಲೇ ಓಡಾಡುತ್ತಿದ್ದವು. ಎರಡು ನಿಲ್ದಾಣಗಳೂ ಹತ್ತಿರ, ಇಳಿಯುವ ದಾರಿಯಲ್ಲಿ ಎರಡಕ್ಕೂ ಒಂದೊಂದು ದೊಡ್ಡ ಗ್ಯಾಸ್ ಟ್ಯಾಂಕು: ನಾರ್ಥೋಲ್ಟಿಗೆ ಸೌತ್ ಹ್ಯಾರೋದ್ದು, ಹೀಥ್ರೂಗೆ ಸೌತಾಲಿನದ್ದು. 1960ರ ಅಕ್ಟೋಬರ್ 25ರಂದು ಅಮೆರಿಕದ ಬೋಯಿಂಗ್ 707 ವಿಮಾನವೊಂದು ಹೀಥ್ರೂ ಎಂದುಕೊಂಡು ನಾರ್ಥೋಲ್ಟಿನ ಗಿಡ್ಡ ಓಡುದಾರಿಯಲ್ಲಿ ಇಳಿದೇಬಿಟ್ಟಿತು. ಅದನ್ನು ಮತ್ತೆ ಮೇಲೇರಿಸಲು ಭಾರ ಇಳಿಸಬೇಕಾಯಿತು. ಇಂಥ ಗೊಂದಲ ತಪ್ಪಿಸಲು ಸೌತ್ ಹ್ಯಾರೋದ ಟ್ಯಾಂಕಿನ ಮೇಲೆ ನಾರ್ಥೋಲ್ಟಿನ ಎರಡು ಅಕ್ಷರ, ಸೌತಾಲಿನ ಟ್ಯಾಂಕಿನ ಮೇಲೆ ಹೀಥ್ರೂವಿನ ಎರಡು ಅಕ್ಷರ ದೊಡ್ಡದಾಗಿ ಬರೆದರು. ನಮ್ಮ ಹಳೆಯ ಸದಸ್ಯರು ಆ ಅಕ್ಷರಗಳನ್ನು ಕಣ್ಣಾರೆ ಕಂಡವರು.

1948ರ ಜೂನ್ 8ರ ರಾತ್ರಿ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಏಳು ದಿನದ ದಾರಿ ಒಂದೂವರೆ ದಿನದೊಳಗೆ ಬಂತು. ಆದರೆ ಆ ದಾರಿ ಬೆಲೆಯನ್ನೂ ಕೇಳಿತು. ಅದೇ ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್ 3ರಂದು ಆಲ್ಪ್ಸ್‌ನ ಮೋಂ ಬ್ಲಾಂ ಬೆಟ್ಟಕ್ಕೆ ಬಡಿದು 48 ಮಂದಿ ತೀರಿಕೊಂಡರು. 1966ರ ಜನವರಿ 24ರಂದು ಅದೇ ಬೆಟ್ಟದಲ್ಲಿ ಏರ್ ಇಂಡಿಯಾದ 'ಕಾಂಚನಜಂಗಾ' ಅಪ್ಪಳಿಸಿ 117 ಮಂದಿ ಹೋದರು. ಅವರಲ್ಲಿ ಒಬ್ಬರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಳ ಕಾಲ ಕೆಲಸ ಮಾಡಿದ್ದ ವಿಜ್ಞಾನಿ ಹೋಮಿ ಭಾಭಾ.

1960ರಲ್ಲಿ ಏರ್ ಇಂಡಿಯಾಕ್ಕೆ ಬೋಯಿಂಗ್ 707 ಜೆಟ್ ವಿಮಾನಗಳು ಬಂದವು. ಇಲ್ಲಿ ಒಂದು ವಿಷಯ ಗಮನಿಸಬೇಕು. 707 ಹಾರುತ್ತಿದ್ದ ವೇಗಕ್ಕೂ ಇಂದು ನಾವು ಹತ್ತುವ ವಿಮಾನದ ವೇಗಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅರವತ್ತು ವರ್ಷಗಳಿಂದ ಪ್ರಯಾಣಿಕ ವಿಮಾನಗಳು ಹೆಚ್ಚು ಕಡಿಮೆ ಅದೇ ವೇಗದಲ್ಲಿ ಹಾರುತ್ತಿವೆ. ಹಾಗಾದರೆ 'ಎರಡು ದಿನ' ಹೇಗೆ 'ಹತ್ತು ಗಂಟೆ' ಆಯಿತು? ಕಡಿಮೆಯಾದದ್ದು ಹಾರುವ ಹೊತ್ತಲ್ಲ, ಕಾಯುವ ಹೊತ್ತು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

81 ಗಂಟೆ

ನನ್ನೂರು ತಿಪಟೂರು. ನಾನು ಈ ದೇಶಕ್ಕೆ ಬಂದದ್ದು 1987ರಲ್ಲಿ. 1989ರ ಫೆಬ್ರವರಿಯಲ್ಲಿ ಉತ್ತರ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಸೀನಿಯರ್ ಹೌಸ್ ಆಫೀಸರ್ ಆಗಿದ್ದೆ. ಒಂದು ಸೋಮವಾರ ರಾತ್ರಿ ಹತ್ತೂವರೆಗೆ ಡಾಕ್ಟರುಗಳ ವಸತಿಯ ಫೋನು ನನ್ನ ಹೆಸರು ಹಿಡಿದು ಕರೆಯಿತು. ಊರಿನಲ್ಲಿ ಆಗ ಮಂಗಳವಾರ ಬೆಳಗಿನ ಜಾವ ನಾಲ್ಕು. ತಮ್ಮ ಹೇಳಿದ್ದು ಎರಡೇ ಮಾತು: 'ಅಣ್ಣಾ, ಅಪ್ಪ ಹೋಗಿಬಿಟ್ಟರು. ನೀನು ಹೊರಡು.'

ನಾನು ಹಿರಿಯ ಮಗ. ರಾತ್ರಿ ಡ್ಯೂಟಿಗೆ ಬದಲಿ ಡಾಕ್ಟರನ್ನು ಹುಡುಕಿ, ಬೆಳಿಗ್ಗೆ ರೈಲು ಹಿಡಿದು ಲಂಡನ್ನಿಗೆ ಬಂದು, ಟಿಕೆಟ್ ಕೊಂಡೆ. ಮಂಗಳವಾರ ರಾತ್ರಿ ಹೀಥ್ರೂ ಬಿಟ್ಟ ವಿಮಾನ ಕೊಲ್ಲಿ ದೇಶವೊಂದರಲ್ಲಿ ಇಳಿದು, ಅಲ್ಲಿ ಮುಂದಿನ ವಿಮಾನ ತಡವಾಗಿ, ಮುಂಬಯಿ ಸೇರಿದಾಗ ಬುಧವಾರ ರಾತ್ರಿ. ಬೆಂಗಳೂರಿನ ವಿಮಾನ ತಪ್ಪಿತ್ತು. ಮರುದಿನದ ವಿಮಾನದಲ್ಲಿ ಸೀಟಿರಲಿಲ್ಲ. ಕೌಂಟರಿನಲ್ಲಿದ್ದವರಿಗೆ ವಿಷಯ ಹೇಳಿದೆ. ಅವರು ತಲೆ ಎತ್ತದೆ 'ವೇಟಿಂಗ್ ಲಿಸ್ಟ್ 41' ಎಂದರು. ಗುರುವಾರ ಬೆಳಿಗ್ಗೆ ರೈಲು ಹತ್ತಿದೆ. ಶುಕ್ರವಾರ ಬೆಳಿಗ್ಗೆ ಬೆಂಗಳೂರು. ಮೆಜೆಸ್ಟಿಕ್‌ನಲ್ಲಿ ಬಸ್ಸು. ಮಧ್ಯಾಹ್ನ ಒಂದು ಗಂಟೆಗೆ ತಿಪಟೂರಿನ ನಮ್ಮ ಮನೆಯ ಬಾಗಿಲು.

ಫೋನು ಬಂದ ಗಳಿಗೆಯಿಂದ 81 ಗಂಟೆ. ಅದರಲ್ಲಿ ನಾನು ಆಕಾಶದಲ್ಲಿದ್ದದ್ದು ಹತ್ತು ಗಂಟೆ ಚಿಲ್ಲರೆ. ಮಿಕ್ಕ ಎಪ್ಪತ್ತು ಗಂಟೆ ನೆಲದ ಮೇಲೆ, ಯಾವುದೋ ಬೆಂಚಿನ ಮೇಲೆ, ಯಾವುದೋ ಸಾಲಿನಲ್ಲಿ. ಮಂಗಳವಾರ ಸಂಜೆಯೇ ಎಲ್ಲ ಮುಗಿದಿತ್ತು. ತಮ್ಮ ಬೆಂಕಿ ಇಟ್ಟಿದ್ದ. ನನಗಾಗಿ ಅಸ್ಥಿಯನ್ನು ಮಾತ್ರ ಕಾದಿರಿಸಿದ್ದರು. ಅದನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ದು ಬಿಟ್ಟುಬಂದೆವು.

ಆರು ವಾರ ಅಮ್ಮನ ಜೊತೆಗಿದ್ದು ವಾಪಸು ಬಂದಾಗ ವಸತಿಯ ಅಂಚೆ ಗೂಡಿನಲ್ಲಿ ಒಂದು ನೀಲಿ ಏರೋಗ್ರಾಂ ಕೂತಿತ್ತು. ಅಪ್ಪನ ಅಕ್ಷರ. ಹೋಗುವ ನಾಲ್ಕು ದಿನ ಮುಂಚೆ ಹಾಕಿದ ಕಾಗದ. ಈ ಸಲ ಕೊಬ್ಬರಿ ಬೆಲೆ ಪರವಾಗಿಲ್ಲ, ಪಕ್ಕದ ಮನೆಯವರು ಹಸು ಮಾರಿದರು, ಬೇಸಿಗೆಗೆ ರಜೆ ಸಿಕ್ಕರೆ ತಿಳಿಸು, ಇಷ್ಟೇ. ಆ ದಿನಗಳಲ್ಲಿ ಒಂದು ಕಾಗದ ಬರಲು ಎಂಟು ಹತ್ತು ದಿನ ಹಿಡಿಯುತ್ತಿತ್ತು. ಅಂದರೆ ನಾವು ಓದುತ್ತಿದ್ದದ್ದು ಯಾವಾಗಲೂ ಹಳೆಯ ಊರನ್ನು.

ಯು.ಆರ್. ಅನಂತಮೂರ್ತಿಯವರು 'ಸಂಸ್ಕಾರ' ಕಾದಂಬರಿ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. 1965ರಲ್ಲಿ ಅದು ಅಚ್ಚಾಯಿತು. ಹೆಣವನ್ನು ಮನೆಯಲ್ಲಿಟ್ಟುಕೊಂಡು, ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರ ಕಾಯುವ ಕಥೆ ಅದು. ಕಾಲೇಜಿನಲ್ಲಿ ಓದಿದ್ದೆ. 1989ರ ನಂತರ ಮತ್ತೆ ಓದಿದಾಗ ನನಗೆ ಕಂಡದ್ದು ಆ ಕಾಯುವಿಕೆಯೊಂದೇ.

ನೇರ ವಿಮಾನ

ತೊಂಬತ್ತರ ದಶಕದಲ್ಲಿ ಬೆಂಗಳೂರು ಸಾಫ್ಟ್‌ವೇರ್ ಊರಾಗುತ್ತಿದ್ದಂತೆ ವಿದೇಶಿ ವಿಮಾನ ಕಂಪನಿಗಳ ಕಣ್ಣು ಅದರ ಮೇಲೆ ಬಿತ್ತು. 2001ರ ಸೆಪ್ಟೆಂಬರ್‌ನಲ್ಲಿ ಲುಫ್ತಾನ್ಸಾ ಎಚ್‌ಎಎಲ್ ನಿಲ್ದಾಣದಿಂದ ಫ್ರಾಂಕ್‌ಫರ್ಟಿಗೆ ಹಾರಿತು. 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಹೀಥ್ರೂ ಮತ್ತು ಬೆಂಗಳೂರಿನ ನಡುವೆ ನೇರ ಸೇವೆ ಶುರು ಮಾಡಿತು. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯಿತು. 2013ರಲ್ಲಿ ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು ಬಂತು. 2020ರಲ್ಲಿ ಏರ್ ಇಂಡಿಯಾ, 2024ರ ಮಾರ್ಚ್ 31ರಿಂದ ವರ್ಜಿನ್ ಅಟ್ಲಾಂಟಿಕ್ ಕೂಡ ಈ ದಾರಿಗೆ ಬಂದವು.

ಈ ತುದಿಯಲ್ಲೂ ದಾರಿ ಸುಲಭವಾಯಿತು. ಹ್ಯಾರೋದಲ್ಲಿ ದಶಕಗಳಿಂದ ಇರುವವರಿಗೆ ಹೀಥ್ರೂಗೆ ಹೋಗುತ್ತಿದ್ದ 140 ನಂಬರ್ ಬಸ್ಸು ಗೊತ್ತೇ ಇರುತ್ತದೆ. ಎಲ್ಲ ಸ್ಟಾಪಿನಲ್ಲೂ ನಿಂತು ನಿಂತು ಹೋಗುವ ಆ ಬಸ್ಸಿನಲ್ಲಿ ಎರಡು ಸೂಟ್‌ಕೇಸು ಹಿಡಿದು ಕೂರುವುದೇ ಒಂದು ತಪಸ್ಸು. 2019ರ ಕೊನೆಗೆ ಕಡಿಮೆ ಸ್ಟಾಪಿನ ಎಕ್ಸ್140 ಬಂತು, ಈಗ ಅದೇ ಎಸ್‌ಎಲ್9.

ಗುರುವಾರದಿಂದ ಭಾನುವಾರ

2014ರ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ತಂಗಿಯ ಫೋನು: 'ಅಮ್ಮ ನಿನ್ನೆಯಿಂದ ಏನೂ ತಗೊಳ್ತಿಲ್ಲ ಅಣ್ಣ. ನಿನ್ನ ಹೆಸರು ಹೇಳ್ತಿದಾರೆ.' ಮಧ್ಯಾಹ್ನದ ನೇರ ವಿಮಾನದಲ್ಲಿ ಸೀಟು ಸಿಕ್ಕಿತು. ಶುಕ್ರವಾರ ನಸುಕಿಗೆ ದೇವನಹಳ್ಳಿ, ಅಲ್ಲಿಂದ ಟ್ಯಾಕ್ಸಿ, ಬೆಳಿಗ್ಗೆ ಒಂಬತ್ತಕ್ಕೆ ತಿಪಟೂರು. ಇಪ್ಪತ್ತೂವರೆ ಗಂಟೆ. 25 ವರ್ಷದ ಹಿಂದಿನ 81 ಗಂಟೆಯ ಕಾಲುಭಾಗ.

ಅಮ್ಮ ಕಣ್ಣು ಬಿಟ್ಟು ನೋಡಿದರು. ಕೇಳಿದ ಮೊದಲ ಮಾತು: 'ಬಂದೆಯಾ? ಯಾವಾಗ ಹೊರಡ್ತೀಯ?'

ನನ್ನಲ್ಲಿ ಉತ್ತರವಿರಲಿಲ್ಲ. ಇತ್ತು, ಹೇಳಲು ಬಾಯಿ ಬರಲಿಲ್ಲ. ಸೋಮವಾರ ಕ್ಲಿನಿಕ್ ಇತ್ತು, ಹಿಂದಿರುಗುವ ಟಿಕೆಟ್ ಭಾನುವಾರ ಬೆಳಗಿನದು. ಅಮ್ಮ ನನ್ನ ಕೈಯಿಂದ ಆರೆಂಟು ಚಮಚ ಗಂಜಿ ಕುಡಿದರು. ಶನಿವಾರ ದಿಂಬಿಗೆ ಒರಗಿ ಕೂತು, ಅಪ್ಪನ ಹಳೆಯ ಸಂಗತಿಗಳನ್ನೆಲ್ಲ ಮಾತಾಡಿದರು. ಅವತ್ತು ನಡುರಾತ್ರಿ ಹೊರಟೆ. ಭಾನುವಾರ ಮಧ್ಯಾಹ್ನ ಹೀಥ್ರೂ, ಸಂಜೆ ಹ್ಯಾರೋ. ನೆಹರು ಪತ್ರದಲ್ಲಿ ಬರೆದ ವಾರಾಂತ್ಯದ ಭೇಟಿ ಅಕ್ಷರಶಃ ಕೈಗೂಡಿತ್ತು. ಮೂರು ವಾರದ ನಂತರ ಅಮ್ಮ ತೀರಿಕೊಂಡರು. ಆಗಲೂ ಸಮಯಕ್ಕೆ ಹೋದೆ, ಮಾಡಬೇಕಾದ್ದನ್ನು ಮಾಡಿದೆ.

ಆದರೆ ಆಮೇಲೆ ಹಳೆಯ ಪಾಸ್‌ಪೋರ್ಟುಗಳನ್ನು ತೆಗೆದು ಮುದ್ರೆಗಳನ್ನು ಎಣಿಸಿದಾಗ ಇನ್ನೊಂದು ಲೆಕ್ಕ ಕಣ್ಣಿಗೆ ಬಿತ್ತು. ಊರು ಎರಡು ದಿನ ದೂರವಿದ್ದ ಕಾಲದಲ್ಲಿ ನಾನು ಎರಡು ವರ್ಷಕ್ಕೊಮ್ಮೆ ಹೋಗುತ್ತಿದ್ದೆ, ಹೋದರೆ ಐದಾರು ವಾರ ಇರುತ್ತಿದ್ದೆ. ನೇರ ವಿಮಾನ ಬಂದ ಮೇಲೆ ಹತ್ತು ದಿನ, ಆಮೇಲೆ ಒಂದು ವಾರ. 2011ರಿಂದ 2014ರವರೆಗೆ ಹೋಗಿಯೇ ಇರಲಿಲ್ಲ. ಬೇಕೆಂದಾಗ ಒಂದೇ ದಿನದಲ್ಲಿ ಹೋಗಬಹುದಲ್ಲ ಎಂಬ ಧೈರ್ಯವೇ ಹೋಗದಿರಲು ಕಾರಣವಾಗಿತ್ತು. ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು.

ಗೆರೆ ಮುಚ್ಚಿದಾಗ

ಆ ಧೈರ್ಯಕ್ಕೂ ಬುನಾದಿಯಿಲ್ಲ ಎಂಬುದನ್ನು ಮುಂದಿನ ವರ್ಷಗಳು ತೋರಿಸಿದವು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಆರು ದಿನ ಆಕಾಶ ಮುಚ್ಚಿದ್ದು ಬರೀ ಮುನ್ಸೂಚನೆ. 2020ರ ಮಾರ್ಚ್ ಕೊನೆಯ ವಾರ ಭಾರತ ಅಂತಾರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. 2021ರ ಏಪ್ರಿಲ್ 23ರಿಂದ ಆಗಸ್ಟ್ 8ರವರೆಗೆ ಭಾರತ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿತ್ತು. ಹೋದವರು ವಾಪಸು ಬಂದರೆ ಹತ್ತು ದಿನ ಹೋಟೆಲಿನಲ್ಲಿ ಬಂದಿ. ನಮ್ಮಲ್ಲಿ ಎಷ್ಟೋ ಮಂದಿ ಆ ತಿಂಗಳುಗಳಲ್ಲಿ ಅಪ್ಪ ಅಮ್ಮನ ಕೊನೆಯ ಕ್ರಿಯೆಯನ್ನು ಅಂಗೈಯಗಲದ ಪರದೆಯಲ್ಲಿ ನೋಡಿದರು. ದೂರ ಅದೇ 8,050 ಕಿ.ಮೀ., ಹೊತ್ತು ಮಾತ್ರ ಲೆಕ್ಕಕ್ಕೆ ಸಿಗದೆ ಹೋಯಿತು.

ಈಗ ಆ ದಾರ ಹಾಯುವ ದೇಶಗಳ ಹೆಸರನ್ನು ಮತ್ತೆ ನೆನೆಯಿರಿ. 2019ರಲ್ಲಿ ಫೆಬ್ರವರಿ ಕೊನೆಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2022ರ ಫೆಬ್ರವರಿ 24ರಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಿಂದ ಪಾಕಿಸ್ತಾನ ಭಾರತದ ವಿಮಾನಗಳಿಗೆ ಮತ್ತೆ ಬಾಗಿಲು ಹಾಕಿತು. ಅದೇ ಜೂನ್‌ನಲ್ಲಿ ಇರಾನಿನ ಆಕಾಶವೂ ಕೆಲ ದಿನ ಮುಚ್ಚಿತು. ನಮಗೂ ಊರಿಗೂ ನಡುವಿನ ಅತಿ ಹತ್ತಿರದ ದಾರಿ ಈ ಕಾಲದ ಜಗಳಗಳ ನೆತ್ತಿಯ ಮೇಲೇ ಹೋಗುತ್ತದೆ. ವಿಮಾನ ಬಳಸಿಕೊಂಡು ಹೋಗುತ್ತದೆ, ಗಂಟೆ ಹೆಚ್ಚಾಗುತ್ತದೆ. ಸೂಯೆಜ್ ಮುಚ್ಚಿದಾಗ ಹಡಗುಗಳು ಆಫ್ರಿಕಾ ಸುತ್ತಿದ ಕಥೆಯೇ ಇದು, ಈ ಸಲ ಆಕಾಶದಲ್ಲಿ.

ಡಾಕ್ಟರನ ನಾಲ್ಕು ಮಾತು

ನಿವೃತ್ತನಾದರೂ ಚಾಳಿ ಬಿಡದು, ನಾಲ್ಕು ಮಾತು ಹೇಳಿಬಿಡುತ್ತೇನೆ. ಊರಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮುಂದೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಹೋಗುತ್ತದೆ, ಅದೂ ಪೂರ್ವಕ್ಕೆ ಹೋಗುವಾಗ ಇನ್ನೂ ಕಷ್ಟ. ಆದ್ದರಿಂದ ಹೋದ ಮೊದಲ ಎರಡು ಮೂರು ದಿನ ಕಾರು ಓಡಿಸುವುದು, ಆಸ್ತಿ ಪತ್ರಕ್ಕೆ ಸಹಿ ಹಾಕುವುದು ಬೇಡ. ಹತ್ತು ಗಂಟೆ ಕೂತಲ್ಲೇ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಗಾಗ ಎದ್ದು ನಡೆಯಿರಿ, ಹಿಮ್ಮಡಿ ಆಡಿಸಿ, ನೀರು ಕುಡಿಯಿರಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಪೂರ್ವಕ್ಕೆ ಹೋಗುವಾಗ ದಿನವೇ ಗಿಡ್ಡವಾಗುತ್ತದೆ. ಅಳತೆ, ಹೊತ್ತು ಎರಡನ್ನೂ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

ಕೊನೆಗೆ ಒಂದು ಬೇಡಿಕೆ. ಹದಿನೆಂಟು ದಿನದ ದಾರಿಯಲ್ಲಿ ಬಂದವರು ನಮ್ಮ ಬಳಗದಲ್ಲಿ ಇನ್ನು ಬೆರಳೆಣಿಕೆಯಷ್ಟು ಮಂದಿ. ಅವರ ಹಡಗಿನ ಟಿಕೆಟ್ಟು, ಮೆನು ಕಾರ್ಡು, ಏರೋಗ್ರಾಂಗಳು ಯಾವುದೋ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿವೆ. ಮನೆ ಬದಲಿಸುವಾಗ ಅವು ಕಸದ ತೊಟ್ಟಿ ಸೇರುವ ಮೊದಲು ಮಕ್ಕಳು ಮೊಮ್ಮಕ್ಕಳು ಒಂದು ಫೋಟೋ ತೆಗೆದು, ಯಾರದು, ಯಾವ ವರ್ಷದ್ದು ಎಂದು ಬರೆದು ಸಂಘಕ್ಕೆ ಕೊಡಲಿ. ಮುಂದಿನ ಯುಗಾದಿಯ ಹೊತ್ತಿಗೆ ಒಂದು ಮೇಜಿನಷ್ಟಾದರೂ ಪ್ರದರ್ಶನ ಮಾಡೋಣ. ಅಪ್ಪನ ಕೊನೆಯ ಏರೋಗ್ರಾಂ ನಾನು ತರುತ್ತೇನೆ.

ಊಟದ ಸಾಲಿನ ಹುಡುಗನಿಗೂ ಉತ್ತರ ಕೊಡುವುದು ಬಾಕಿಯಿದೆ. ಮಗೂ, ಬೆಂಗಳೂರಿಗೆ ಹತ್ತು ಗಂಟೆ ಸಾಕು. ನಿನ್ನ ಅಜ್ಜಿ ಅಲ್ಲಿದ್ದರೆ ಈ ರಜೆಯಲ್ಲೇ ಹೋಗು. ಹೋದರೆ ಯಾವಾಗ ಹೊರಡುತ್ತೀ ಎಂದು ಅವರು ಕೇಳದಷ್ಟು ದಿನ ಇರು.